ಫುಟ್‌ಪಾತ್ ತೋಟಕ್ಕೆ ಕಟ್ಟೆ ಬೇಡ, ಪಾತಿ ತೆಗೆಯಿರಿ

ಬೆಂಗಳೂರಿನಲ್ಲಿ ಮನೆ ಮುಂದಿನ ಫುಟ್‌ಪಾತ್‌ನಲ್ಲಿ ಗಿಡ ಬೆಳೆಸಲು ಹೊರಟವರು ಮೊದಲು ಮಾಡುವ ಕೆಲಸ ಇಟ್ಟಿಗೆ ತರಿಸುವುದು. ಮರದ ಬುಡದ ಸುತ್ತಲೋ ಕಾಂಪೌಂಡ್ ಪಕ್ಕದಲ್ಲೋ ಒಂದೂವರೆ ಅಡಿ ಎತ್ತರಕ್ಕೆ ಕಟ್ಟೆ ಕಟ್ಟಿ, ಮಣ್ಣು ತುಂಬಿ, ನರ್ಸರಿ ಗಿಡ ನೆಡುತ್ತಾರೆ. ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯುತ್ತದೆ. ಮಾರ್ಚ್ ಬರುವಷ್ಟರಲ್ಲಿ ನಾಲ್ಕೂ ಕಡೆಯಿಂದ ಬಿಸಿಲು ತಿಂದ ಮಣ್ಣು ಬಿರುಕು ಬಿಟ್ಟು, ಗಿಡ ಒಣಗಿ, ಕಟ್ಟೆ ಟೀ ಲೋಟ ಮತ್ತು ಕಸದ ಕವರ್ ಇಡುವ ಜಾಗವಾಗುತ್ತದೆ.

ತೋಟದ ಮಣ್ಣು ನಡೆಯುವ ನೆಲಕ್ಕಿಂತ ತಗ್ಗಿನಲ್ಲಿರಬೇಕು. ಬಾಳೆಗೆ, ತೆಂಗಿಗೆ ಪಾತಿ ಮಾಡುವುದು ನಮಗೆ ಹೊಸದೇನಲ್ಲ. ಫುಟ್‌ಪಾತ್‌ಗೂ ಅದೇ ಸರಿ. ಆರು ಅಡಿ ಅಗಲ, ಹತ್ತು ಅಡಿ ಉದ್ದದ ಫುಟ್‌ಪಾತ್ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 110 ಲೀಟರ್ ನೀರು, ಅಂದರೆ 20 ಲೀಟರ್‌ನ ಬಬಲ್‌ಟಾಪ್ ಕ್ಯಾನ್ ಲೆಕ್ಕದಲ್ಲಿ ಐದು ಕ್ಯಾನಿಗೂ ಹೆಚ್ಚು. ಪಕ್ಕದಲ್ಲಿ ತಗ್ಗು ಪಾತಿ ಇದ್ದರೆ ಅದರಲ್ಲಿ ಬಹುಪಾಲು ಒಳಗೆ ಇಳಿಯುತ್ತದೆ, ಕಟ್ಟೆ ಇದ್ದರೆ ಗೋಡೆಗೆ ಬಡಿದು ಚರಂಡಿ ಸೇರುತ್ತದೆ. ವರ್ಷಕ್ಕೆ 900 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅದನ್ನು ಬಿಟ್ಟು ಟ್ಯಾಂಕರ್ ನೀರು ಹಾಕುವುದು ತಪ್ಪು.

ಜಾಗ

ಟೇಪ್ ಹಿಡಿದು ಅಗಲ ಅಳೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ನಡೆಯುವವರಿಗೆ ಅಡೆತಡೆ ಇಲ್ಲದ ಕನಿಷ್ಠ 1.8 ಮೀಟರ್ ಬಿಡಬೇಕು ಎನ್ನುತ್ತದೆ, ಸುಮಾರು ಆರು ಅಡಿ. ಅದನ್ನು ಬಿಟ್ಟು ಉಳಿದದ್ದು ಮಾತ್ರ ತೋಟದ್ದು. ಎಂಟು ಅಡಿ ಫುಟ್‌ಪಾತ್‌ನಲ್ಲಿ ಎರಡಡಿ ಅಗಲದ ಪಾತಿ ಆರಾಮಾಗಿ ಬರುತ್ತದೆ. ಅದಕ್ಕಿಂತ ಕಿರಿದಾಗಿದ್ದರೆ ಹೊಸ ಪಾತಿಯ ಆಸೆ ಬಿಟ್ಟು, ಈಗಾಗಲೇ ಇರುವ ಮರಗಳ ಬುಡವನ್ನಷ್ಟೇ ಸರಿಮಾಡಿ. ಇಲ್ಲವೇ ಕಾಂಪೌಂಡ್ ಒಳಗೆ ಪಾರಿಜಾತವನ್ನೋ ಬಳ್ಳಿಯನ್ನೋ ನೆಟ್ಟು ಗೋಡೆಯ ಮೇಲಿಂದ ಹೊರಗೆ ಇಳಿಬಿಡಿ. ಗಾಲಿಕುರ್ಚಿಯವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು ರಸ್ತೆಗೆ ಇಳಿಯಬೇಕಾದ ತೋಟ ಯಾರಿಗೂ ಬೇಡ.

ನಮ್ಮಲ್ಲಿ ಬಹಳಷ್ಟು ಫುಟ್‌ಪಾತ್ ಎಂದರೆ ಮಳೆನೀರಿನ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಹಾರೆಯ ತುದಿಯಿಂದ ತಟ್ಟಿ ನೋಡಿದರೆ ಗೊತ್ತಾಗುತ್ತದೆ: ಮಣ್ಣಿನ ಮೇಲಿದ್ದರೆ ಗಟ್ಟಿ ಸದ್ದು, ಚರಂಡಿಯ ಮೇಲಿದ್ದರೆ ಟೊಳ್ಳು ಸದ್ದು. ಟೊಳ್ಳು ಇರುವಲ್ಲಿ ಪಾತಿಯೂ ಬೇಡ, ದೊಡ್ಡ ಕುಂಡಗಳೂ ಬೇಡ. ಒದ್ದೆ ಮಣ್ಣು ಒಂದು ಘನ ಅಡಿಗೆ 50 ಕೆ.ಜಿ. ಹತ್ತಿರ ತೂಗುತ್ತದೆ; ಎರಡಡಿ ಅಗಲ, ಹತ್ತಡಿ ಉದ್ದ, ಒಂದಡಿ ಆಳದ ತೊಟ್ಟಿ ಎಂದರೆ ಚಪ್ಪಡಿಯ ಮೇಲೆ ಒಂದು ಟನ್. ಮಳೆಗಾಲಕ್ಕೆ ಮುಂಚೆ ಹೂಳೆತ್ತಲು ಬರುವವರು ಆ ಚಪ್ಪಡಿಗಳನ್ನು ಎತ್ತಲೇಬೇಕು. ಅವರಿಗೆ ಅಡ್ಡಿಯಾದರೆ ಜೂನ್‌ನಲ್ಲಿ ನಿಮ್ಮ ಬೀದಿಯೇ ಮುಳುಗೀತು.

ಹಾಗಾಗಿ ಹುಡುಕಬೇಕಾದದ್ದು ಚರಂಡಿ ಮತ್ತು ರಸ್ತೆಯಂಚಿನ ಕರ್ಬ್ ಕಲ್ಲಿನ ನಡುವೆ, ಅಥವಾ ಚರಂಡಿ ಮತ್ತು ಕಾಂಪೌಂಡ್‌ನ ನಡುವೆ ಉಳಿದಿರುವ ಮಣ್ಣಿನ ಪಟ್ಟಿ. ಹಳೆಯ ಬಡಾವಣೆಗಳಲ್ಲಿ ಸಾಲುಮರ ಇರುವ ಕಡೆ ಇದು ಸಿಗುತ್ತದೆ. ಫುಟ್‌ಪಾತ್ ಸಾಮಾನ್ಯವಾಗಿ ರಸ್ತೆಯ ಕಡೆಗೆ ಇಳಿಜಾರು ಇರುವುದರಿಂದ ಕರ್ಬ್ ಬದಿಯ ಪಟ್ಟಿಗೇ ಮಳೆ ನೀರು ಹೆಚ್ಚು ಬರುತ್ತದೆ. ಕಾಂಪೌಂಡ್ ಬದಿಯಾದರೆ ಗೋಡೆಯಿಂದ ಒಂದಡಿ ಬಿಟ್ಟು ಅಗೆಯಿರಿ, ಇಲ್ಲದಿದ್ದರೆ ಅಡಿಪಾಯಕ್ಕೆ ತೇವ ಹಿಡಿಯುತ್ತದೆ.

ಟ್ರಾನ್ಸ್‌ಫಾರ್ಮರ್ ಹತ್ತಿರ ಕೈ ಹಾಕಬೇಡಿ. ಕರೆಂಟ್ ಕಂಬದ ಸುತ್ತ, ಫೀಡರ್ ಬಾಕ್ಸ್‌ನ ಬಾಗಿಲಿನ ಮುಂದೆ ಮೂರು ಅಡಿ ಖಾಲಿ ಇರಲಿ. ಮಳೆಯಲ್ಲಿ ಕಂಬಕ್ಕೆ ಕರೆಂಟ್ ಹರಿಯುವ ಅಪಾಯ ಇದ್ದೇ ಇರುತ್ತದೆ, ಅಲ್ಲಿ ನೀರು ಹಾಕುತ್ತಾ ನಿಲ್ಲುವುದು ಜೀವಕ್ಕೆ ಕುತ್ತು. ಬೀದಿಯ ತಿರುವಿನಲ್ಲಿ ಎರಡಡಿಗಿಂತ ಎತ್ತರ ಬೆಳೆಯುವ ಯಾವುದನ್ನೂ ನೆಡಬೇಡಿ, ಗಾಡಿಯವರಿಗೆ ದಾಟುವ ಮಕ್ಕಳು ಕಾಣಬೇಕು.

ಅಗೆಯುವ ಮುನ್ನ

ಫುಟ್‌ಪಾತ್ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡು ಆ ವಾರ್ಡಿನ ಎಂಜಿನಿಯರ್‌ಗೆ ಅರ್ಜಿ ಕೊಡಿ. ನಿವಾಸಿಗಳ ಸಂಘದ ಲೆಟರ್‌ಹೆಡ್‌ನಲ್ಲಿ ಒಂದೇ ಪುಟ ಸಾಕು. ಕೈಯಲ್ಲಿ ಬರೆದ ನಕ್ಷೆಯಲ್ಲಿ ಈ ಅಳತೆಗಳಿರಲಿ: ಫುಟ್‌ಪಾತಿನ ಒಟ್ಟು ಅಗಲ, ನಡೆಯಲು ಬಿಡುವ ಅಗಲ, ಪಾತಿಯ ಉದ್ದ, ಅಗಲ, ಆಳ. ಯಾವ ಕಾಂಕ್ರೀಟನ್ನೂ ಹೊಸದಾಗಿ ಹಾಕುವುದಿಲ್ಲ, ಚರಂಡಿ ಮುಟ್ಟುವುದಿಲ್ಲ ಎಂದು ಬರೆದರೆ ಎಂಜಿನಿಯರ್‌ಗೆ ಒಪ್ಪುವುದು ಸುಲಭ. ಮರದ ಕೊಂಬೆ ಕಡಿಯುವ ಮಾತು ಬಂದರೆ ಅದು ಬೇರೆಯೇ ದಾರಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ನೆಲದಡಿ ಏನಿದೆ ಎಂದು ತಿಳಿಯಲು ಮೇಲೆ ಕಾಣುವುದನ್ನೇ ಓದಬೇಕು. ಪ್ರತಿ ಮನೆಯ ನೀರಿನ ಮೀಟರ್‌ನಿಂದ ರಸ್ತೆಗೆ ನೇರ ಗೆರೆ ಎಳೆದುಕೊಳ್ಳಿ, ಕಾವೇರಿ ಪೈಪು ಅಲ್ಲೇ ಇರುತ್ತದೆ. ಒಳಚರಂಡಿ ಚೇಂಬರ್‌ನಿಂದ ಬೀದಿಯ ಮ್ಯಾನ್‌ಹೋಲ್ ಕಡೆಗೆ ಇನ್ನೊಂದು ಗೆರೆ. ಗ್ಯಾಸ್ ಕೊಳವೆ ಹೋಗಿರುವ ಕಡೆ ಕಂಪನಿಯ ಗುರುತುಕಲ್ಲೋ ಫಲಕವೋ ಇರುತ್ತದೆ, ಅದರ ಮೇಲೆ ಬರೆದ ನಂಬರಿಗೆ ಕರೆ ಮಾಡಿ ಕೇಳಿದ ಮೇಲೆಯೇ ಅಗೆಯಿರಿ. ಮೊದಲ ಆರು ಇಂಚು ಕಳೆದ ಮೇಲೆ ಪಿಕಾಸಿ ಬದಿಗಿಟ್ಟು ಗುದ್ದಲಿ, ಸಲಿಕೆಯಲ್ಲೇ ಕೆಲಸ ಮಾಡಿಸಿ. ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ, ಸಾಲಾಗಿ ಮಲಗಿಸಿದ ಇಟ್ಟಿಗೆ ಅಥವಾ ಶುದ್ಧ ಮರಳಿನ ಪದರ ಕಂಡರೆ ಕೆಳಗೆ ಕೇಬಲ್ ಇದೆ ಎಂದರ್ಥ: ನಿಲ್ಲಿಸಿ, ಮುಚ್ಚಿ, ಜಾಗ ಬದಲಿಸಿ. ಅಷ್ಟಾದರೂ ನೀರಿನ ಪೈಪು ಒಡೆದರೆ ಜಲಮಂಡಳಿಯ 1916, ಕರೆಂಟಿನ ತೊಂದರೆಗೆ ಬೆಸ್ಕಾಂನ 1912.

ಪಾತಿ ತೆಗೆಯುವುದು

ಅಗೆತ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಆಗಲಿ. ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾಗಿರುತ್ತದೆ. ನೆಡುವುದು ಜೂನ್‌ನಲ್ಲಿ. ಆಗ ಅಕ್ಟೋಬರ್‌ವರೆಗೂ ಮಳೆಯ ಆಸರೆ ಸಿಕ್ಕಿ, ಬೇಸಿಗೆಗೆ ಮುಂಚೆ ಬೇರು ಇಳಿಯುತ್ತದೆ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದಿಂದ ಉತ್ಸಾಹದಲ್ಲಿ ಗಿಡ ತಂದು ಫೆಬ್ರುವರಿಯಲ್ಲಿ ಬೀದಿಗೆ ನೆಟ್ಟರೆ ಅರ್ಧಕ್ಕರ್ಧ ಸಾಯುತ್ತವೆ. ಅವನ್ನು ಮನೆಯೊಳಗೆ ಕುಂಡದಲ್ಲೇ ಜೂನ್‌ವರೆಗೆ ಕಾಪಾಡಿ.

ಅಳತೆ ಎರಡಡಿ ಅಗಲ, ಹತ್ತಡಿ ಉದ್ದ, ಒಂದೂವರೆ ಅಡಿ ಆಳ ಎಂದುಕೊಳ್ಳಿ. ಅಗೆದಾಗ ಮೇಲಿನ ಅರ್ಧ ಅಡಿಯಲ್ಲಿ ಬರುವುದು ಮಣ್ಣಲ್ಲ: ಜಲ್ಲಿ, ಎಂ‑ಸ್ಯಾಂಡ್, ಸಿಮೆಂಟ್ ಗಾರೆಯ ಉಂಡೆ, ಟೈಲ್ಸ್ ಚೂರು. ಇದನ್ನು ಪೂರ್ತಿ ಹೊರಗೆ ಹಾಕಿ. ಸಿಮೆಂಟ್ ಗಾರೆ ಮಣ್ಣನ್ನು ಕ್ಷಾರವಾಗಿಸುತ್ತದೆ. ಕೇಪಳದಂಥ ಗಿಡಕ್ಕೆ ಆಗ ಕಬ್ಬಿಣದಂಶ ಸಿಗದೆ ಎಳೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರು ಉಳಿಯುತ್ತವೆ. ಗೊಬ್ಬರ ಸುರಿದರೆ ಅದು ವಾಸಿಯಾಗುವುದಿಲ್ಲ. ಕೆಳಗೆ ಸಿಗುವ ಕೆಂಪು ಮಣ್ಣು ಒಳ್ಳೆಯದು, ಅದನ್ನು ಬೇರೆ ಗುಡ್ಡೆ ಹಾಕಿ ಜರಡಿ ಹಿಡಿದು ವಾಪಸ್ ಬಳಸಿ.

ತುಂಬುವ ಮುನ್ನ ಇಂಗುವ ಪರೀಕ್ಷೆ. ಪಾತಿಯ ತಳದಲ್ಲಿ ಒಂದಡಿ ಉದ್ದ, ಅಗಲ, ಆಳದ ಸಣ್ಣ ಗುಂಡಿ ಮಾಡಿ ಎರಡು ಬಕೆಟ್ ನೀರು ಹೊಯ್ಯಿರಿ. ಮರುದಿನ ಅದೇ ಹೊತ್ತಿಗೆ ಗುಂಡಿ ಖಾಲಿಯಾಗಿರಬೇಕು. ಆಗದಿದ್ದರೆ ರೋಡ್ ರೋಲರ್ ಓಡಿದ ಗಟ್ಟಿ ಪದರ ಕೆಳಗಿದೆ. ಹಾರೆಯಿಂದ ಎರಡಡಿಗೊಂದರಂತೆ ಇನ್ನೊಂದು ಅಡಿ ಆಳಕ್ಕೆ ತೂತು ಹೊಡೆದು ಜಲ್ಲಿ ತುಂಬಿಸಿ ಮತ್ತೆ ಪರೀಕ್ಷಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಹೆಚ್ಚುಕಡಿಮೆ ಒಂದು ವಾರ ಬೇಕು. ಒಂದು ದಿನದಲ್ಲಿ ನೀರು ಇಂಗುವ ಪಾತಿಯಲ್ಲಿ ಅದು ಹುಟ್ಟುವುದಿಲ್ಲ. ಸಂಘದ ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಗುಂಡಿಯ ನೀರು ಇಂಗಿದ ಫೋಟೊ ತೋರಿಸಿ.

ಮಿಶ್ರಣಕ್ಕೆ ಕೆಂಪು ಮಣ್ಣು ಅರ್ಧ, ಚೆನ್ನಾಗಿ ಕಳಿತ ಗೊಬ್ಬರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಉಳಿದದ್ದು ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ. ಮೇಲಿನ ಅಳತೆಯ ಪಾತಿಗೆ 30 ಘನ ಅಡಿ ಬೇಕು. ಬಾಯಿ ಕಟ್ಟುವಷ್ಟು ಜಾಗ ಬಿಟ್ಟು ತುಂಬಿದ ಸಿಮೆಂಟ್ ಚೀಲದಲ್ಲಿ ಒಂದು ಘನ ಅಡಿ ಹಿಡಿಯುತ್ತದೆ. ಮೇಲೆ ಮೂರು ಇಂಚು ಖಾಲಿ ಬಿಡಬೇಕಾದ್ದರಿಂದ 25 ಚೀಲ ಸಾಕು ಅನ್ನಿಸಬಹುದು, ಆದರೆ ಮೊದಲ ನಾಲ್ಕು ಮಳೆಗೆ ಮಣ್ಣು ಕುಸಿಯುತ್ತದೆ. 15 ಚೀಲ ಮಣ್ಣು, 8 ಚೀಲ ಗೊಬ್ಬರ, 6 ಚೀಲ ಮರಳು ಇಟ್ಟುಕೊಳ್ಳಿ. ಎಚ್‌ಎಸ್‌ಆರ್ ಬಡಾವಣೆ ಪಕ್ಕದ ಹರಳುಕುಂಟೆಯಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಘಟಕವಿದೆ. ಬೀದಿಯಲ್ಲೇ ಎಲೆ ಗೊಬ್ಬರ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹತ್ತು ಅಡಿ ಕೋಳಿ ಜಾಲರಿಯನ್ನು ದುಂಡಗೆ ಸುತ್ತಿ ಕಟ್ಟಿದರೆ ಮೂರಡಿ ಅಗಲದ ಬುಟ್ಟಿ. ಫೆಬ್ರುವರಿ, ಮಾರ್ಚ್‌ನಲ್ಲಿ ಉದುರುವ ಹೊಂಗೆ ಮತ್ತು ಮಳೆಮರದ ಎಲೆಯನ್ನು ಅಡಿ ಎತ್ತರದ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ಸಗಣಿ ನೀರೋ ಹುಳಿ ಮಜ್ಜಿಗೆ ನೀರೋ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ. ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸವೂ ನಿಲ್ಲುತ್ತದೆ.

ಅಂಚಿಗೆ ಸೈಜುಗಲ್ಲು ಹೂಳಿ, ನೆಲದಿಂದ ನಾಲ್ಕು ಇಂಚು ಮಾತ್ರ ಮೇಲೆ ಕಾಣುವಂತೆ. ಕಣ್ಣು ಕಾಣದವರ ಕೋಲಿಗೆ ಆ ಅಂಚು ತಗಲಿದರೆ ಪಾತಿ ಇದೆ ಎಂದು ತಿಳಿಯುತ್ತದೆ, ಸ್ಕೂಟರ್ ಹತ್ತಿಸುವುದೂ ಕಷ್ಟವಾಗುತ್ತದೆ. ಎರಡಡಿಗೊಂದು ಕಡೆ ಕಲ್ಲುಗಳ ನಡುವೆ ಮೂರು ಇಂಚು ಸಂದು ಬಿಡಿ, ನೀರು ಒಳಗೆ ಬರುವುದು ಅಲ್ಲಿಂದ. ಜೋರು ಮಳೆಯಲ್ಲಿ ತುಂಬಿದ ನೀರು ಹೊರಹೋಗಲು ಚರಂಡಿಯ ಕಡೆ ಒಂದು ಸಂದು. ಕಬ್ಬಿಣದ ಸರಳು, ಮುಳ್ಳುತಂತಿ ಯಾವ ಕಾರಣಕ್ಕೂ ಬೇಡ; ಕತ್ತಲೆಯಲ್ಲಿ ಎಡವಿದವರ ಕಾಲು ಸೀಳುತ್ತದೆ.

ಮರದ ಬುಡ

ಈ ಊರಿನ ಮರಗಳಿಗೆ ಗಿಡ ನೆಡುವವರಿಂದಲೂ ಸಾಕಷ್ಟು ಹಾನಿಯಾಗಿದೆ. ಬುಡದ ಸುತ್ತ ಕಟ್ಟೆ ಕಟ್ಟಿ ಒಂದಡಿ ಮಣ್ಣು ಏರಿಸಿದರೆ ಕಾಂಡದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯಲು ಶುರುವಾಗುತ್ತದೆ. ಮೇಲ್ಪದರದ ಬೇರುಗಳಿಗೆ ಗಾಳಿ ತಪ್ಪುತ್ತದೆ. ಹೊರಗೆ ಎಲೆ ಹಸಿರಾಗಿಯೇ ಕಾಣುತ್ತಿರುತ್ತದೆ. ಕೆಲವು ವರ್ಷದ ನಂತರ ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಮರ ಬುಡ ಸಮೇತ ಉರುಳುತ್ತದೆ.

ಕಾಂಡ ನೆಲಕ್ಕೆ ಇಳಿಯುವಲ್ಲಿ ಅಗಲವಾಗಿ ಹರಡಿ ಬೇರುಗಳಾಗಿ ಒಡೆಯುವ ಜಾಗ ಕಣ್ಣಿಗೆ ಕಾಣುತ್ತಿರಬೇಕು. ಕಂಬದ ಹಾಗೆ ನೇರವಾಗಿ ಮಣ್ಣಿಗೆ ಇಳಿದಿದ್ದರೆ ಬುಡ ಹೂತಿದೆ ಎಂದರ್ಥ, ಕೈಯಿಂದ ಮಣ್ಣು ಸರಿಸುತ್ತಾ ಆ ಹರವು ಕಾಣುವವರೆಗೂ ತೆಗೆಯಿರಿ. ಕಾಂಕ್ರೀಟ್ ಕಾಂಡಕ್ಕೇ ಅಂಟಿದ್ದರೆ ಪಾಲಿಕೆಯ ಒಪ್ಪಿಗೆ ಪಡೆದು ಕಾಂಡದ ಸುತ್ತ ಒಂದು ಮೀಟರ್‌ವರೆಗೆ ಬಿಡಿಸಿ. ದೆಹಲಿಯ ಮರಗಳಿಗೆ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ ಅಳತೆಯೂ ಅದೇ. ಬ್ರೇಕರ್ ಯಂತ್ರ ಬೇಡ, ಅದರ ಏಟು ಬೇರಿಗೂ ಬೀಳುತ್ತದೆ. ಸುತ್ತಿಗೆ, ಚಾಣ ಹಿಡಿದು ಹೊರಗಿನಿಂದ ಕಾಂಡದ ಕಡೆಗೆ ಚೂರು ಚೂರಾಗಿ ಎತ್ತಬೇಕು. ಹೆಬ್ಬೆರಳಿಗಿಂತ ದಪ್ಪನೆಯ ಬೇರು ಅಡ್ಡ ಬಂದರೆ ಕಡಿಯಬೇಡಿ, ಪಾತಿಯ ಆಕಾರವನ್ನೇ ಬದಲಿಸಿ.

ಬಿಡಿಸಿದ ಜಾಗಕ್ಕೆ ಎರಡು ಇಂಚು ಎಲೆ ಗೊಬ್ಬರ ಸಾಕು. ಕಾಂಡದಿಂದ ಒಂದಡಿ ಬಿಟ್ಟು, ಬೇರುಗಳ ನಡುವೆ ಕೈಯಗಲದ ಗುಳಿ ಮಾಡಿ ಸಣ್ಣ ಸಸಿ ಕೂರಿಸಿ. ನೆರಳಿಗೆ ಒಂದೆಲಗ, ದೊಡ್ಡಪತ್ರೆ, ಕನಕಾಂಬರ ಹೊಂದುತ್ತವೆ. ಕಾಂಡಕ್ಕೆ ಹೊಡೆದ ಮೊಳೆ, ಬಿಗಿದ ತಂತಿ, ಬೋರ್ಡುಗಳಿದ್ದರೆ ಅದೇ ದಿನ ತೆಗೆದುಬಿಡಿ.

ಗಿಡಗಳು

ಬೀದಿಯ ಗಿಡಕ್ಕೆ ನಾಲ್ಕು ಶತ್ರುಗಳು: ಬಿಸಿಲು, ದನ, ನಾಯಿ ಮತ್ತು ಪೂಜೆಗೆ ಹೂ ಕೊಯ್ಯುವವರು. ದನ ಮೇಕೆಗಳು ಸಾಮಾನ್ಯವಾಗಿ ಮುಟ್ಟದವು ನಿತ್ಯಪುಷ್ಪ, ನಂದಿಬಟ್ಟಲು, ಲೋಳೆಸರ, ದೊಡ್ಡಪತ್ರೆ, ನಿಂಬೆಹುಲ್ಲು. ದಾಸವಾಳವನ್ನು ಮಾತ್ರ ಅವು ಬಿಡುವುದಿಲ್ಲ, ದನ ಓಡಾಡುವ ಬೀದಿಯಲ್ಲಿ ಮೂರಡಿ ಆಗುವವರೆಗೂ ಬಲೆ ಕಟ್ಟಿ. ಹೂ ಕೊಯ್ಯುವವರನ್ನು ತಡೆಯುವ ಬೋರ್ಡು ಕೆಲಸ ಮಾಡುವುದಿಲ್ಲ. ನಂದಿಬಟ್ಟಲು, ದಾಸವಾಳವನ್ನು ನಡೆಯುವ ಬದಿಗೆ ಕೈಗೆಟಕುವಂತೆ ನೆಟ್ಟರೆ ಅವರು ಪಾತಿಯೊಳಗೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ. ಬೆಳಿಗ್ಗೆ ಹೂ ಕೊಯ್ಯುವ ಅಜ್ಜಿಗೆ ವಾರಕ್ಕೊಮ್ಮೆ ನೀರು ಹಾಕಲು ಕೇಳಿ, ಸಂತೋಷದಿಂದ ಒಪ್ಪುತ್ತಾರೆ.

20 ಚದರ ಅಡಿಗೆ ಮೂರಡಿ ಅಂತರದಲ್ಲಿ ಮೂರು ಪೊದೆ, ಅವುಗಳ ನಡುವೆ ಒಂದಡಿ ಅಂತರದಲ್ಲಿ ಎಂಟು ಮಧ್ಯಮ ಗಿಡ (ಗೋರಂಟೆ, ಕನಕಾಂಬರ, ನಿತ್ಯಪುಷ್ಪ, ಕಾಮಕಸ್ತೂರಿ), ಅಂಚಿನಲ್ಲಿ ಅರ್ಧ ಅಡಿಗೊಂದರಂತೆ ದೊಡ್ಡಪತ್ರೆಯ ಕಡ್ಡಿ. ಇದಕ್ಕಿಂತ ಒತ್ತಾಗಿ ನೆಟ್ಟರೆ ಮೊದಲ ತಿಂಗಳು ಚೆಂದ, ಆರನೇ ತಿಂಗಳಿಗೆ ಬಿಳಿ ಹಿಟ್ಟು ತಿಗಣೆಯ ಮನೆ. ಚಿಟ್ಟೆ ಬರಬೇಕಾದರೆ ಹೂವಿನ ಜೊತೆಗೆ ಮರಿಹುಳು ತಿನ್ನುವ ಎಲೆಯೂ ಬೇಕು. ಒಂದು ಎಕ್ಕದ ಗಿಡವಿದ್ದರೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್, ಕರಿಬೇವು ಅಥವಾ ನಿಂಬೆ ಇದ್ದರೆ ಕಪ್ಪು ಕಾಮನ್ ಮಾರ್ಮನ್ ಮೊಟ್ಟೆ ಇಡುತ್ತವೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು ಬಿಳಿ ಹುಳುವನ್ನು ಕರಿಬೇವಿನ ಎಲೆಯ ಮೇಲೆ ಕಂಡರೆ ಕೀಳಬೇಡಿ, ಅದು ಮಾರ್ಮನ್ ಮರಿ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಆದ್ದರಿಂದ ಕರ್ಬ್ ಬದಿಗೆ ನೆಡಿ. ಕಣಗಿಲೆಯ ಪ್ರತಿ ಭಾಗವೂ ವಿಷ, ಶಾಲೆಯ ಬೀದಿಯಲ್ಲಿ ಬೇಡ. ಲಂಟಾನ, ಹಳದಿ ಹೂವಿನ ವೆಡೇಲಿಯ ಬೇಗ ಹರಡಿ ಮಿಕ್ಕಿದ್ದನ್ನು ನುಂಗುತ್ತವೆ. ಇಲ್ಲಿನ ಸೊಪ್ಪನ್ನು ಅಡುಗೆಗೆ ಬಳಸಬೇಡಿ, ಗಾಡಿಗಳ ಹೊಗೆ ಮತ್ತು ನಾಯಿಮೂತ್ರ ಎರಡೂ ಅದರ ಮೇಲೆ ಬಿದ್ದಿರುತ್ತವೆ.

ಸಸಿಗಳಿಗೆ ಲಾಲ್‌ಬಾಗ್ ಒಳಗಿನ ನರ್ಸರಿ ಸಹಕಾರ ಸಂಘದ ಮಳಿಗೆ ಅಥವಾ ಅದರ ಪಕ್ಕದ ಸಿದ್ದಾಪುರದ ನರ್ಸರಿ ಸಾಲು. ಅಗ್ಗದ, ಒಂದಡಿ ಎತ್ತರದ ಗಿಡವನ್ನೇ ಆರಿಸಿ, ದೊಡ್ಡ ಗಿಡಕ್ಕಿಂತ ಬೇಗ ಹೊಂದಿಕೊಳ್ಳುತ್ತದೆ. ಕಪ್ಪು ಕವರ್ ಪೂರ್ತಿ ಹರಿದು ತೆಗೆಯಿರಿ, ಸುರುಳಿ ಸುತ್ತಿದ ಬೇರನ್ನು ಬೆರಳಿಂದ ಬಿಡಿಸಿ. ಕವರ್ ಸಮೇತ ನೆಟ್ಟ ಗಿಡ ವರ್ಷವಾದರೂ ಬೆಳೆಯದೆ ನಿಂತಿರುತ್ತದೆ.

ನೀರು

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅಂಥ ಬೇಸಿಗೆ ಮತ್ತೆ ಬರುತ್ತದೆ ಎಂದುಕೊಂಡೇ ತೋಟ ಮಾಡಬೇಕು. ಅಕ್ಕಿ, ತರಕಾರಿ ತೊಳೆದ ನೀರು, ಎಸಿ ನೀರು ಹಾಗೆಯೇ ಹಾಕಬಹುದು. ಆರ್‌ಓ ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣ ಹೆಚ್ಚು, ಅರ್ಧಕ್ಕರ್ಧ ಬೇರೆ ನೀರು ಬೆರೆಸಿ, ಮಳೆಗಾಲದಲ್ಲಿ ಬೇಡ. ಪಾತ್ರೆ ತೊಳೆದ ಸೋಪಿನ ನೀರು ಹಾಕಬಾರದು.

ಮಳೆ ಇಲ್ಲದ ದಿನಗಳಲ್ಲಿ ಈ ಪಾತಿಗೆ ಎರಡು ದಿನಕ್ಕೊಮ್ಮೆ 20 ಲೀಟರ್. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಒಂದು ದಿನ ತಪ್ಪಿದರೂ ಗಿಡ ಬಾಡುತ್ತದೆ. ಬೆರಳು ಎರಡು ಇಂಚು ಇಳಿಸಿ ನೋಡಿ, ತೇವ ತಗಲಿದರೆ ಅಂದು ನೀರು ಬೇಡ. ಕುಂಬಾರರ ಐದು ಲೀಟರ್ ಮಣ್ಣಿನ ಮಡಕೆ ಎರಡನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿ, ಮುಚ್ಚಳ ಮುಚ್ಚಿಟ್ಟರೆ ಸುತ್ತಲ ಬೇರಿಗೆ ನಿಧಾನವಾಗಿ ಜಿನುಗುತ್ತದೆ. ಬಣ್ಣ ಬಳಿದ ಮಡಕೆ ಜಿನುಗುವುದಿಲ್ಲ. ಮುಚ್ಚಳ ಸಡಿಲವಿದ್ದರೆ ಸೊಳ್ಳೆ. ಮಣ್ಣಿನ ಮೇಲೆ ಎರಡು ಇಂಚು ಒಣಎಲೆ ವರ್ಷಪೂರ್ತಿ ಹೊದಿಸಿ. ಇದೊಂದನ್ನು ಮಾಡದಿದ್ದರೆ ಉಳಿದ ಶ್ರಮವೆಲ್ಲ ಏಪ್ರಿಲ್‌ನಲ್ಲಿ ಆವಿಯಾಗುತ್ತದೆ.

ಮೂರು ಮನೆಯವರು ವಾರ ಹಂಚಿಕೊಳ್ಳಿ, ಯಾವ ದಿನ ಯಾರು ಎಂದು ಹೆಸರು ಹಚ್ಚಿ. ಎಲ್ಲರೂ ಸೇರಿ ನೋಡಿಕೊಳ್ಳೋಣ ಎಂದುಕೊಂಡ ತೋಟಕ್ಕೆ ಯಾರೂ ನೀರು ಹಾಕುವುದಿಲ್ಲ.

ಕೆಡುವುದು ಎಲ್ಲಿ

ಕಸ ಬೀಳುವ ಮೂಲೆಯಲ್ಲಿ ಗಿಡ ನೆಟ್ಟ ಮಾತ್ರಕ್ಕೆ ಕಸ ನಿಲ್ಲುವುದಿಲ್ಲ. ಕಸದ ಆಟೋ ಬರುವ ಮುಂಚೆಯೇ ಕೆಲಸಕ್ಕೆ ಹೋಗುವವರು, ಪೇಯಿಂಗ್ ಗೆಸ್ಟ್ ಮನೆಗಳ ಹುಡುಗರು, ಹತ್ತಿರದ ಅಂಗಡಿಯವರು, ಇವರಲ್ಲಿ ಯಾರು ಹಾಕುತ್ತಿದ್ದಾರೆ ಎಂದು ಒಂದು ವಾರ ನೋಡಿ, ಅವರ ಕಸ ಹೋಗುವ ದಾರಿ ಮೊದಲು ಮಾಡಿ. ಆಮೇಲೆ ನೆಟ್ಟ ಗಿಡ ಮೊಣಕಾಲಿಗಿಂತ ಕೆಳಗಿರಲಿ. ಪೊದೆಯ ಹಿಂದೆ ಕವರ್ ಅಡಗಿಸಿಡುವುದು ಸುಲಭ.

ಹೊಸ ಸಡಿಲ ಮಣ್ಣನ್ನು ನಾಯಿಗಳು ಕೆದಕಿ ಮಲಗುತ್ತವೆ. ಗಿಡ ಹರಡುವವರೆಗೆ ಎರಡು ತಿಂಗಳು ಒಣಕಡ್ಡಿಗಳನ್ನು ಅಡ್ಡಡ್ಡ ಹರವಿ, ನಡುನಡುವೆ ಚಪ್ಪಟೆ ಕಲ್ಲಿಡಿ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದರೆ ಮೊದಲು ನೀರಿನ ರಭಸದಿಂದ ತೊಳೆದು, ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕೈದು ಹನಿ ದ್ರವ ಸೋಪು ಕಲಸಿ ಎಲೆಯ ಅಡಿಗೂ ತಾಗುವಂತೆ ಹೊಡೆಯಿರಿ. ವಾರ ಬಿಟ್ಟು ಮತ್ತೊಮ್ಮೆ. ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ.

ಇನ್ನು ಕೇಬಲ್, ಪೈಪ್ ಹಾಕುವವರು. ಯಾವತ್ತೋ ಒಂದು ದಿನ ಅವರು ಬಂದೇ ಬರುತ್ತಾರೆ, ಪಾತಿಯ ನಡುವೆಯೇ ಅಗೆಯಬೇಕಾಗುತ್ತದೆ. ಜಗಳವಾಡಿ ಪ್ರಯೋಜನವಿಲ್ಲ, ಅರ್ಧ ದಿನ ಸಮಯ ಕೇಳಿ. ಪೊದೆಗಳನ್ನು ಮೂರನೇ ಒಂದು ಭಾಗ ಸವರಿ, ಬೇರಿನ ಮುದ್ದೆ ಒಡೆಯದಂತೆ ಸುತ್ತ ಅಗೆದು ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಡಿ. ವಾರಗಟ್ಟಲೆ ಆಗುವುದಾದರೆ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಅದರಲ್ಲಿ ಕೂರಿಸಿ. ದೊಡ್ಡಪತ್ರೆಯ ಹತ್ತು ಕಡ್ಡಿ ಮುರಿದಿಟ್ಟುಕೊಂಡರೆ ಸಾಕು, ಉಳಿದದ್ದು ಹೋದರೂ ಚಿಂತೆಯಿಲ್ಲ. ಪಾತಿಯ ಒಳ್ಳೆ ಮಣ್ಣನ್ನು ಚೀಲಗಳಲ್ಲಿ ತುಂಬಿ ಮನೆಯ ಗೇಟಿನೊಳಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಜಲ್ಲಿಯ ಜೊತೆ ಅದೂ ಗುಂಡಿಯ ತಳ ಸೇರುತ್ತದೆ. ಗುಂಡಿ ಮುಚ್ಚುವ ದಿನ ಯಾರಾದರೂ ಒಬ್ಬರು ಹತ್ತಿರ ನಿಂತು, ಮೇಲಿನ ಒಂದೂವರೆ ಅಡಿಗೆ ಜಲ್ಲಿ, ಕಾಂಕ್ರೀಟ್ ಹಾಕದೆ ಖಾಲಿ ಬಿಡುವಂತೆ ಮೇಸ್ತ್ರಿಗೆ ಹೇಳಿ. ಮತ್ತೆ ನೆಟ್ಟ ಮೇಲೆ ಎರಡು ವಾರ ದಿನಾ ನೀರು, ಬಿಸಿಲು ಹೆಚ್ಚಿದ್ದರೆ ಹಳೇ ಪಂಚೆಯ ನೆರಳು.